ಅಧ್ಯಕ್ಷರಿಲ್ಲದ ಗುಂಪಿನಲ್ಲಿ ಹೊಣೆ ಹಂಚಿಕೊಂಡ ಬಗೆ

ಚಂದಾ ಎತ್ತಿ ಏಣಿ, ಡ್ರಿಲ್ ಮಷಿನ್, ಹೊಲಿಗೆ ಮಷಿನ್ ಕೊಂಡು ಎಲ್ಲರೂ ಬಳಸುವ ಗುಂಪು ನಮ್ಮದು. ಅಧ್ಯಕ್ಷರಿಲ್ಲ, ಸಂಬಳದವರೂ ಇಲ್ಲ. ಇಂಥ ಕಡೆ ‘ಎಲ್ಲರೂ ಸೇರಿ ಮಾಡೋಣ’ ಅನ್ನುವುದು ಕೇಳಲು ಚೆಂದ. ಆದರೆ ದುಡಿಯುವವರು ಅದೇ ಇಬ್ಬರು. ನಡೆಯುವುದು ಜೋರು ದನಿಯವರ ಮಾತು.

ಅದಕ್ಕೇ ಹೊಣೆಗಳನ್ನು ಬರೆದಿಟ್ಟೆವು. ಲೆಕ್ಕ, ಸಾಮಾನಿನ ಉಸ್ತುವಾರಿ, ಸಭೆ ನಡೆಸುವುದು, ನಡಾವಳಿ ಬರೆಯುವುದು. ಇಷ್ಟನ್ನು ಯಾರು ಬೇಕಾದರೂ ಬರೆಯುತ್ತಾರೆ ಬಿಡಿ. ನಿಜಕ್ಕೂ ಉಪಯೋಗಕ್ಕೆ ಬಂದದ್ದು ಪ್ರತಿ ಹೊಣೆಯ ಕೆಳಗೆ ಸೇರಿಸಿದ ಇನ್ನೊಂದು ಸಾಲು: ಯಾರನ್ನೂ ಕೇಳದೆ ಇವರು ಏನೇನು ತೀರ್ಮಾನ ಮಾಡಬಹುದು?

ಡ್ರಿಲ್ ಮಷಿನ್‌ನ ಕಾರ್ಬನ್ ಬ್ರಷ್ ಸವೆದಿದೆ ಅಂದುಕೊಳ್ಳಿ. ಮೊದಲೆಲ್ಲ ಅಷ್ಟಕ್ಕೂ ಗ್ರೂಪಿನಲ್ಲಿ ಮೆಸೇಜ್ ಹಾಕಿ, ಎಲ್ಲರೂ ಹೆಬ್ಬೆಟ್ಟು ಒತ್ತುವವರೆಗೆ ಕಾಯಬೇಕಿತ್ತು. ಮಷಿನ್ ಸುಮ್ನೆ ಕಪಾಟಿನಲ್ಲಿ ಕೂತಿರುತ್ತಿತ್ತು. ಈಗ ಉಸ್ತುವಾರಿಯವರು ಬ್ರಷ್ ಹಾಕಿಸಿ ಬಿಲ್ ಕೊಟ್ಟರೆ ಮುಗಿಯಿತು. ಹೊಸ ಮಷಿನ್ನೇ ಬೇಕಾದರೆ ಮಾತ್ರ ವಿಷಯ ಸಭೆಗೆ ಬರುತ್ತದೆ.

ಯಾರಿಗೆ ಯಾವ ಹೊಣೆ ಅನ್ನುವುದಕ್ಕೆ ಸೋಷಿಯಾಕ್ರಸಿಯ, ಅಂದರೆ ಬಹುಮತ ಎಣಿಸದೆ ಯಾರದೂ ಗಟ್ಟಿ ಆಕ್ಷೇಪ ಇಲ್ಲದಂತೆ ತೀರ್ಮಾನ ಮಾಡುವ ಪದ್ಧತಿಯ, ಆಯ್ಕೆ ವಿಧಾನ ಹಿಡಿದೆವು. ನೆದರ್‌ಲ್ಯಾಂಡ್ಸ್‌ನ ಎಂಜಿನಿಯರ್ ಗೆರಾರ್ಡ್ ಎಂಡೆನ್‌ಬರ್ಗ್ 1970ರ ದಶಕದಲ್ಲಿ ತಮ್ಮ ಎಲೆಕ್ಟ್ರಿಕಲ್ ಕಂಪನಿಯಲ್ಲೇ ಬೆಳೆಸಿದ ಪದ್ಧತಿ ಇದು. ಇಲ್ಲಿ ಯಾರೂ ಚುನಾವಣೆಗೆ ನಿಲ್ಲುವುದಿಲ್ಲ. ಪ್ರತಿಯೊಬ್ಬರೂ ಚೀಟಿಯಲ್ಲಿ ಒಂದು ಹೆಸರು ಬರೆದು, ಯಾಕೆ ಅಂತ ಎಲ್ಲರೆದುರು ಹೇಳಬೇಕು. ಕೇಳಿದ ಮೇಲೆ ಮನಸ್ಸು ಬದಲಾಯಿಸಬಹುದು. ಕೊನೆಗೆ ಒಂದು ಹೆಸರು ಮುಂದಿಟ್ಟು, ಗಟ್ಟಿ ಆಕ್ಷೇಪ ಇದೆಯಾ ಅಂತ ಕೇಳುತ್ತೇವೆ. ಆ ಹೆಸರಿನವರನ್ನು ಕೇಳುವುದು ಎಲ್ಲರ ನಂತರ. ನಮ್ಮಲ್ಲಿ ಲೆಕ್ಕ ಹೋದದ್ದು ಸಭೆಯಲ್ಲಿ ಬಾಯೇ ಬಿಡದ ಒಬ್ಬರಿಗೆ. ಚೀಟಿ ಬರೆದವರು ಕೊಟ್ಟ ಕಾರಣ: ‘ಇವರು ಏಣಿ ವಾಪಸ್ ತಂದಾಗ ಕಳಚಿ ಬಿದ್ದ ನಟ್ಟನ್ನೂ ಕಾಗದದಲ್ಲಿ ಸುತ್ತಿ ತಂದಿದ್ದರು.’ ಕೈ ಎತ್ತಿಸಿದ್ದರೆ ಈ ಮಾತು ಹೊರಗೆ ಬರುತ್ತಿತ್ತಾ?

ಎಲ್ಲ ಹೊಣೆಯನ್ನೂ ಸರದಿ ಮೇಲೆ ತಿರುಗಿಸಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಭೆ ನಡೆಸುವುದು ಪ್ರತಿ ಸಲ ಬದಲಾಗಲಿ, ಒಳ್ಳೆಯದೇ. ಲೆಕ್ಕಕ್ಕೆ ಅದು ಆಗದು. ಅಲ್ಲಿ ಅವಧಿ ಮುಗಿಯುವ ಮೊದಲೇ ಹೊಸಬರು ಹಳಬರ ಪಕ್ಕ ಕೂತು ಒಂದು ತಿಂಗಳ ಲೆಕ್ಕ ಮುಗಿಸಬೇಕು. ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ ಬೇಕು ಅನ್ನುವುದನ್ನಂತೂ ಯಾರು ಬಂದರೂ ಸಡಿಲ ಮಾಡಿಲ್ಲ.

ಕಪಾಟು ಒರೆಸುವ ಕೆಲಸಕ್ಕೆ ಮಾತ್ರ ಯಾವ ಪದ್ಧತಿಯೂ ನಡೆಯಲಿಲ್ಲ. ಅದಕ್ಕೆ ಈಗಲೂ ಲಾಟರಿ ಎತ್ತುತ್ತೇವೆ. ಸಭೆಗೆ ಬಾರದವರ ಹೆಸರೂ ಡಬ್ಬದೊಳಗೆ ಇರುತ್ತದೆ.