ಚಾರ್ಟರ್ ಸ್ಕೂಲ್ ಸ್ಟಾಫ್‌ಗೆ ಲೆವೆಲ್ ಫಂಡೆಡ್ ಹೆಲ್ತ್ ಪ್ಲಾನ್: ಎಲ್ಲರೂ ಬೇಡ ಅಂದಿದ್ದು ಕೊನೆಗೂ ಕೈ ಹಿಡೀತು

ಲೆವೆಲ್ ಫಂಡೆಡ್ ಅಂದ್ರೆ ತಿಂಗಳಿಗೆ ಒಂದೇ ಕಂತು, ಅದರಲ್ಲಿ ಒಂದು ಪಾಲು ನಮ್ಮದೇ ಕ್ಲೇಮ್ ಫಂಡ್‌ಗೆ, ಇನ್ನೊಂದು ದೊಡ್ಡ ಬಿಲ್ ಹೊರೋ ಸ್ಟಾಪ್-ಲಾಸ್ ಇನ್ಶೂರೆನ್ಸ್‌ಗೆ. ಈ ಜುಲೈ ರಿನ್ಯೂವಲ್‌ನ ಏರಿಕೆ 5 ಪರ್ಸೆಂಟ್ ಒಳಗೆ ಬಂತು, ಅದರ ಮೇಲೆ ಹಿಂದಿನ ವರ್ಷದ ಕ್ಲೇಮ್ ಫಂಡ್‌ನಲ್ಲಿ ಉಳಿದಿದ್ದ ಸುಮಾರು 38 ಸಾವಿರ ಡಾಲರ್ ವಾಪಸ್ ಬಂತು. ಶುರು ಮಾಡಿದಾಗ "ಕೈ ಸುಟ್ಕೋತೀಯ, ಸುಮ್ನೆ ಇರೋದನ್ನೇ ಇಟ್ಕೋ" ಅಂದವರು ಒಬ್ಬಿಬ್ಬರಲ್ಲ. ಬೋರ್ಡ್ ಖಜಾಂಚಿ, ಹಳೇ ಬ್ರೋಕರ್, ಟೆಕ್ಸಸ್ ಚಾರ್ಟರ್ (ಸರ್ಕಾರದ ದುಡ್ಡಲ್ಲಿ ನಡೆಯೋ ಸ್ವತಂತ್ರ ಸ್ಕೂಲ್) ಒಂದರಲ್ಲಿ ನನ್ನ ಹಾಗೇ ಸ್ಟಾಫ್ ಹೆಲ್ತ್ ಪ್ಲಾನ್ ನೋಡ್ಕೊಳ್ಳೋ ನನ್ನ ಮೈಸೂರಿನ ಗೆಳೆಯ, ಎಲ್ಲರದ್ದೂ ಅದೇ ರಾಗ. ಗೆಳೆಯನ ಸ್ಕೂಲು ಟಿಆರ್‌ಎಸ್ ಆಕ್ಟಿವ್‌ಕೇರ್‌ನಲ್ಲಿದೆ, ಸ್ಟೇಟ್ ಮಟ್ಟದ ದೊಡ್ಡ ಪೂಲ್, ಹಾಗಾಗಿ ನನ್ನ ಕಷ್ಟ ಅವನಿಗೆ ಅರ್ಥ ಆಗ್ತಿರಲಿಲ್ಲ. ಈಗ ಅವನೇ ನನ್ನ ಸ್ಪ್ರೆಡ್‌ಶೀಟ್ ಕೇಳ್ತಿದಾನೆ, ಅದಕ್ಕೇ ಬರೆದಿಡ್ತಿದೀನಿ.

ನಮ್ಮದು ಫೀನಿಕ್ಸ್ ಕಡೆ ಎರಡು ಕ್ಯಾಂಪಸ್, ಸ್ಟಾಫ್ 70ರ ಆಸುಪಾಸು, ಪ್ಲಾನ್‌ನಲ್ಲಿ ಇರೋರು 55 ಜನ. ಅರಿಝೋನಾದಲ್ಲಿ ಚಾರ್ಟರ್‌ಗಳಿಗೆ ಡಿಸ್ಟ್ರಿಕ್ಟ್ ಸ್ಕೂಲ್‌ಗಳ ಥರ ಪ್ರಾಪರ್ಟಿ ಟ್ಯಾಕ್ಸ್ ಓವರ್‌ರೈಡ್ (ಊರಿನ ಮತದಾರರು ಒಪ್ಪಿ ಕಟ್ಟೋ ಹೆಚ್ಚುವರಿ ತೆರಿಗೆ) ಸಿಗಲ್ಲ, ಮಕ್ಕಳ ತಲೆ ಎಣಿಸಿ ಸ್ಟೇಟ್ ಕೊಡೋ ದುಡ್ಡೇ ಗತಿ, ಸ್ಕೂಲು ಶುರುವಾದ 100ನೇ ದಿನದ ಲೆಕ್ಕದಲ್ಲಿ ಮಕ್ಕಳ ಸಂಖ್ಯೆ ಸ್ವಲ್ಪ ಇಳಿದ್ರೂ ಬಜೆಟ್ ಅಲ್ಲಾಡತ್ತೆ. ಅಂಥದ್ರಲ್ಲಿ ಹಳೇ ಕ್ಯಾರಿಯರ್ (ಇನ್ಶೂರೆನ್ಸ್ ಕಂಪನಿ) 22 ಪರ್ಸೆಂಟ್ ಏರಿಸಿ ರಿನ್ಯೂವಲ್ ಕಳಿಸ್ತು. ವರ್ಷಕ್ಕೆ 4 ಲಕ್ಷ ಡಾಲರ್ ಚಿಲ್ಲರೆ ಕಟ್ತಿದ್ದ ಜಾಗದಲ್ಲಿ ಇನ್ನೂ 90 ಸಾವಿರ, ಅಂದ್ರೆ ಹೆಚ್ಚುಕಮ್ಮಿ ಒಂದೂವರೆ ಟೀಚರ್ ಸಂಬಳ. ಯಾಕೆ ಅಂತ ಕೇಳಿದ್ರೆ "ಟ್ರೆಂಡ್" ಅಂತಾರೆ, ನಮ್ಮದೇ ಕ್ಲೇಮ್ ರಿಪೋರ್ಟ್ ಕೇಳಿದ್ರೆ ಈ ಸೈಜಿನ ಗ್ರೂಪ್‌ಗೆ ಕೊಡಲ್ಲ ಅಂತಾರೆ.

ಮೊದಲು ಯೋಚಿಸಿದ್ದು ಇಕ್ರಾ. ಎಲ್ಲರಿಗೂ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟುಬಿಡೋದು, ಅವರವರ ಪ್ಲಾನ್ ಅವರವರು ತಗೊಳ್ಳೋದು. ಕಾಗದದ ಮೇಲೆ ಚೆನ್ನಾಗೇ ಇತ್ತು, ಹತ್ತು ಜನ ಸ್ಟಾಫ್ ಹೆಸರಲ್ಲಿ ನಿಜವಾಗಿ ಪ್ಲಾನ್ ಹುಡುಕಿ ನೋಡಿದಾಗ ಬಿದ್ದುಹೋಯ್ತು. ಮ್ಯಾರಿಕೋಪಾ ಕೌಂಟಿಯಲ್ಲಿ ಇಂಡಿವಿಜುವಲ್ ಮಾರ್ಕೆಟ್ ಅಂದ್ರೆ ಹೆಚ್ಚಿನವು ಎಚ್‌ಎಂಒ (ತಮ್ಮ ಪಟ್ಟಿಯ ಡಾಕ್ಟರ್‌ಗಳ ಹತ್ರ ಮಾತ್ರ ಕಳಿಸೋ ಪ್ಲಾನ್), ಮಕ್ಕಳ ಡಾಕ್ಟರ್ ಬದಲಾಗತ್ತೆ ಅಂದ ತಕ್ಷಣ ಟೀಚರ್‌ಗಳು ಬೇಡ ಅಂದ್ರು. ಇನ್ನೊಂದು, ಎಕ್ಸ್‌ಚೇಂಜ್ (ಸರ್ಕಾರದ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸ್) ಮೇಲೆ ತಗೊಂಡ ಪ್ಲಾನ್‌ಗೆ ಸ್ಟಾಫ್ ಕೈಯಿಂದ ಹಾಕೋ ಪಾಲನ್ನ ಸೆಕ್ಷನ್ 125ರಲ್ಲಿ ಪ್ರೀ-ಟ್ಯಾಕ್ಸ್ ಕಟ್ ಮಾಡಕ್ಕಾಗಲ್ಲ, ಆಫ್-ಎಕ್ಸ್‌ಚೇಂಜ್ ಆದ್ರೆ ಮಾತ್ರ ಆಗತ್ತೆ. ಚಿಕ್ಕ ಸ್ಟಾಫ್‌ಗೆ ಇಕ್ರಾ ಓಕೆ, ನಮಗೆ ಹೊಂದಲಿಲ್ಲ.

ಆಮೇಲೆ ಲೆವೆಲ್ ಫಂಡೆಡ್. ಹೊಸ ಬ್ರೋಕರ್ ಹಿಡಿದೆ, ಪ್ರೀಮಿಯಂ ಮೇಲೆ ಪರ್ಸೆಂಟೇಜ್ ಬೇಡ, ತಲೆಗೆ ತಿಂಗಳಿಗೆ ಇಷ್ಟು ಅಂತ ಫಿಕ್ಸ್ ಫೀ ಅಂತ ಮೊದಲೇ ಬರೆಸ್ಕೊಂಡೆ. ಕಷ್ಟ ಆಗಿದ್ದು ಹೆಲ್ತ್ ಕ್ವೆಶ್ಚನೇರ್. ಬಿಪಿ, ಶುಗರ್ ಇರೋರು "ಇದನ್ನ ಪ್ರಿನ್ಸಿಪಾಲ್ ನೋಡ್ತಾರಾ" ಅಂತ ಹೆದರಿ ತುಂಬಲೇ ಇಲ್ಲ, ಅರ್ಧ ಜನದ್ದು ಬಾಕಿ ಇದ್ದಾಗ ಸ್ಟಾಪ್-ಲಾಸ್‌ನವರು ಕೊಟ್ಟ ಕೊಟೇಶನ್ ಹಳೇ ರಿನ್ಯೂವಲ್‌ಗಿಂತ ಜಾಸ್ತಿ. ಫಾರ್ಮ್ ನಮ್ಮ ಆಫೀಸಿಗೆ ಬರೋದೇ ಇಲ್ಲ, ನೇರ ಅಂಡರ್‌ರೈಟರ್ ಪೋರ್ಟಲ್‌ಗೆ ಹೋಗತ್ತೆ ಅಂತ ಎರಡೂ ಕ್ಯಾಂಪಸ್‌ನಲ್ಲಿ ಕೂತು ತೋರಿಸಿದ ಮೇಲೆ ತುಂಬಿದ್ರು, ರೇಟ್ ಇಳೀತು.

ಕಾಂಟ್ರಾಕ್ಟ್‌ನಲ್ಲಿ ಮೂರು ವಿಷಯಕ್ಕೆ ಹಟ ಹಿಡಿದೆ. ರಿನ್ಯೂವಲ್‌ನಲ್ಲಿ ಹೊಸ ಲೇಸರ್ (ಕಾಯಿಲೆ ಇರೋ ಒಬ್ಬರಿಗೆ ಮಾತ್ರ ಡಿಡಕ್ಟಿಬಲ್ ಏರಿಸೋದು) ಹಾಕೋ ಹಾಗಿಲ್ಲ, ವರ್ಷ ಮುಗಿದ ಮೇಲೆ ಬರೋ ರನ್-ಔಟ್ ಕ್ಲೇಮ್‌ಗಳು ಅದೇ ಫಂಡಲ್ಲಿ ತೀರಬೇಕು, ಉಳಿಕೆಯಲ್ಲಿ ನಮ್ಮ ಪಾಲು ಎಷ್ಟು ಅನ್ನೋದು ಪ್ರಪೋಸಲ್‌ನಲ್ಲಲ್ಲ ಕಾಂಟ್ರಾಕ್ಟ್‌ನಲ್ಲೇ ಇರಬೇಕು. ಸ್ಪೆಸಿಫಿಕ್ ಡಿಡಕ್ಟಿಬಲ್ (ಒಬ್ಬರ ಬಿಲ್‌ನಲ್ಲಿ ನಮ್ಮ ಫಂಡ್ ಹೊರೋ ಮಿತಿ) 30 ಸಾವಿರದ ಹತ್ತಿರ ಇಟ್ವಿ. ಕೊಟೇಶನ್‌ಗಳನ್ನ ಯಾವ ಕ್ರಮದಲ್ಲಿ, ಯಾವ ವಾರ ಕೇಳಿದ್ರೆ ರೇಟ್ ಬೀಳತ್ತೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಮುಂದಿನ ವರ್ಷ ನನಗೂ ಅದು ಬೇಕು.

ಮೊದಲ ವರ್ಷ ಒಂದು ಪೈಸೆ ವಾಪಸ್ ಬರಲಿಲ್ಲ. ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಕೇಸ್ ಒಂದು ಬಂತು (ರಿಪೋರ್ಟ್‌ನಲ್ಲಿ ಹೆಸರಿರಲ್ಲ, ಮೊತ್ತ ಮಾತ್ರ), ಲಕ್ಷಗಟ್ಟಲೆ ಬಿಲ್, ಖಜಾಂಚಿ ಮೀಟಿಂಗಲ್ಲಿ ನನ್ನ ಮುಖ ನೋಡಿದ್ರು. 30 ಸಾವಿರ ಆದ ಮೇಲಿನದ್ದೆಲ್ಲ ಸ್ಟಾಪ್-ಲಾಸ್ ಕಟ್ತು, ನಮ್ಮ ತಿಂಗಳ ಕಂತು ಒಂದು ಡಾಲರ್ ಏರಲಿಲ್ಲ. ಅವತ್ತಿಂದ ಬೋರ್ಡ್‌ನಲ್ಲಿ ಈ ಬಗ್ಗೆ ಮಾತು ನಿಂತುಹೋಯ್ತು.

ಇದು ಸೆಲ್ಫ್ ಫಂಡೆಡ್ ಲೆಕ್ಕಕ್ಕೇ ಬರೋದ್ರಿಂದ ಪಿಕೋರಿ ಫೀ (ವೈದ್ಯಕೀಯ ಸಂಶೋಧನೆಗೆ ಹೋಗೋ ಫೆಡರಲ್ ಫೀ) ನಾವೇ ಕಟ್ಬೇಕು, ಫಾರ್ಮ್ 720, ಜುಲೈ 31ರೊಳಗೆ, ತಲೆಗೆ ಮೂರು ಡಾಲರ್ ಚಿಲ್ಲರೆ ಅಷ್ಟೇ. ಸ್ಟಾಫ್‌ನ ಕವರೇಜ್ ವರದಿ ಮಾಡೋ ಫಾರ್ಮ್ 1095-ಸಿಯಲ್ಲಿ ಪಾರ್ಟ್ 3 ಕೂಡ ತುಂಬಬೇಕು. ಸೇಲ್ಸ್ ಪ್ರೆಸೆಂಟೇಶನ್‌ನಲ್ಲಿ ಇದ್ಯಾವುದನ್ನೂ ಯಾರೂ ಹೇಳಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಕ್ಲಾಸ್‌ರೂಮ್ ಏಡ್‌ಗಳ (ಟೀಚರ್‌ಗೆ ಸಹಾಯ ಮಾಡೋರು) ವಿಷಯ. ಗಂಟೆಗೆ 16 ಡಾಲರ್ ಅಂದ್ರೆ ಎಸಿಎ (ಒಬಾಮಾಕೇರ್ ಕಾನೂನು) ಲೆಕ್ಕದ ತಿಂಗಳ 130 ಗಂಟೆಗೆ 2,080, ಅದರ 9.02 ಪರ್ಸೆಂಟ್ ಅಂದ್ರೆ 2025ಕ್ಕೆ ಸುಮಾರು 187 ಡಾಲರ್ ತನಕ ಅವರಿಂದ ಕಟ್ ಮಾಡಬಹುದಿತ್ತು. ಕಾನೂನು ಒಪ್ಪತ್ತೆ, ಆದ್ರೆ ಆ ಸಂಬಳದಲ್ಲಿ 187 ಯಾರು ಕೊಡ್ತಾರೆ? ಉಳಿದ ದುಡ್ಡಲ್ಲಿ ಎಚ್‌ಎಸ್‌ಎ (ತೆರಿಗೆ ಇಲ್ಲದ ಆರೋಗ್ಯ ಉಳಿತಾಯ ಖಾತೆ) ಇರೋ ಪ್ಲಾನ್‌ನ ಸಿಂಗಲ್ ಕವರೇಜ್ ಪೂರ್ತಿ ಫ್ರೀ ಮಾಡಿದ್ವಿ.

ಮಕ್ಕಳನ್ನ ಸೇರಿಸಿದ್ರೆ ಮಾತ್ರ ಕಷ್ಟ ಹಾಗೇ ಇತ್ತು. ಒಬ್ಬ ಏಡ್ ಸಂಬಳದ ಚೀಟಿ ತಂದು ಟೇಬಲ್ ಮೇಲೆ ಇಟ್ಟು ಬೆರಳಿಟ್ಟು ತೋರಿಸಿದ್ರು, ಇಬ್ಬರು ಮಕ್ಕಳಿಗೆ ಅಂತ ತಿಂಗಳಿಗೆ 480ರ ಹತ್ತಿರ ಕಟ್, ಅದರ ಕೆಳಗಿನ ಸಾಲಲ್ಲಿ ಕೈಗೆ ಬಂದಿದ್ದು ಬಾಡಿಗೆಗೂ ಸಾಲಲ್ಲ. 2023ರಿಂದ ಫ್ಯಾಮಿಲಿ ಗ್ಲಿಚ್ (ಸ್ಟಾಫ್ ಒಬ್ಬರದೇ ಪ್ರೀಮಿಯಂ ನೋಡಿ ಮನೆಯವರಿಗೂ ಸಬ್ಸಿಡಿ ಇಲ್ಲ ಅಂತಿದ್ದ ನಿಯಮ) ಸರಿಹೋಗಿದೆಯಲ್ಲ, ಫ್ಯಾಮಿಲಿ ಪ್ರೀಮಿಯಂ ದುಬಾರಿ ಅಂತಾದ್ರೆ ಹೆಂಡತಿ-ಮಕ್ಕಳಿಗೆ ಮಾರ್ಕೆಟ್‌ಪ್ಲೇಸ್ ಸಬ್ಸಿಡಿ ಸಿಗಬಹುದು. ಆದ್ರೆ ನಮ್ಮ ಪ್ಲಾನ್ ವರ್ಷ ಜುಲೈಗೆ ಶುರು, ಮಾರ್ಕೆಟ್‌ಪ್ಲೇಸ್ ಎನ್‌ರೋಲ್‌ಮೆಂಟ್ ನವೆಂಬರ್‌ಗೆ, ಮಧ್ಯದಲ್ಲಿ ಬಿಡೋ ಹಾಗಿಲ್ಲ. ತೆರಿಗೆ ಇಲಾಖೆ ಐಆರ್‌ಎಸ್‌ನ ನೋಟಿಸ್ 2022-41 ಓದಿ, ಕೆಫೆಟೇರಿಯಾ ಪ್ಲಾನ್ (ಅದೇ ಸೆಕ್ಷನ್ 125) ಡಾಕ್ಯುಮೆಂಟ್‌ಗೆ, ಮಾರ್ಕೆಟ್‌ಪ್ಲೇಸ್‌ಗೆ ಹೋಗೋ ಮನೆಯವರನ್ನ ಮಧ್ಯದಲ್ಲೇ ಬಿಡಬಹುದು ಅಂತ ಒಂದು ಪುಟದ ತಿದ್ದುಪಡಿ ಮಾಡಿಸಿದೆ, ವಕೀಲರ ಫೀ 400 ಡಾಲರ್ ಇರಬೇಕು. ಏಳೆಂಟು ಮನೆಯವರು ಮಕ್ಕಳನ್ನ ಆ ಕಡೆ ಹಾಕಿದ್ರು, ಆದಾಯ ಕಡಿಮೆ ಇದ್ದ ಒಂದಿಬ್ಬರ ಮಕ್ಕಳಿಗೆ ಕಿಡ್ಸ್‌ಕೇರ್ (ಅರಿಝೋನಾ ಸ್ಟೇಟ್‌ನ ಮಕ್ಕಳ ಹೆಲ್ತ್ ಇನ್ಶೂರೆನ್ಸ್) ಸಿಕ್ತು. ಆ ಏಡ್ ಈಗಲೂ ನಮ್ಮಲ್ಲೇ ಕೆಲಸ ಮಾಡ್ತಿದಾರೆ.

ಮಧ್ಯೆ ಡೈರೆಕ್ಟ್ ಪ್ರೈಮರಿ ಕೇರ್ ಕೂಡ ಟ್ರೈ ಮಾಡೋಣ ಅಂತ ಹೊರಟಿದ್ದೆ, ತಿಂಗಳಿಗೆ 70-80 ಡಾಲರ್ ಕೊಟ್ರೆ ಬೇಕಾದಾಗೆಲ್ಲ ಡಾಕ್ಟರ್. ಆ ಮೆಂಬರ್‌ಶಿಪ್ ಇದ್ರೆ ಎಚ್‌ಎಸ್‌ಎಗೆ ದುಡ್ಡು ಹಾಕೋ ಹಾಗಿರಲಿಲ್ಲ ಅಂತ ಕೈಬಿಟ್ಟೆ. ಈಗ ಹೊಸ ಕಾನೂನು 2026ರ ಜನವರಿಯಿಂದ ಅದಕ್ಕೆ ಅವಕಾಶ ಕೊಟ್ಟಿದೆ, ಒಬ್ಬರಿಗೆ ತಿಂಗಳಿಗೆ 150 ಡಾಲರ್ ಮಿತಿಯೊಳಗೆ. ಒಂದು ಕ್ಯಾಂಪಸ್‌ನಲ್ಲಿ ಮೊದಲು ಮಾಡಿ ನೋಡ್ತೀನಿ. ಮಾರ್ಕೆಟ್‌ಪ್ಲೇಸ್‌ನ ಹೆಚ್ಚುವರಿ ಸಬ್ಸಿಡಿ ಇದ್ದಿದ್ದು 2025ರ ಕೊನೆವರೆಗೆ ಮಾತ್ರ, ಹಾಗಾಗಿ ಮಕ್ಕಳನ್ನ ಆ ಕಡೆ ಹಾಕಿದವರ ಲೆಕ್ಕ ಒಬ್ಬೊಬ್ಬರದೇ ಮತ್ತೆ ಕೂತು ಹಾಕಬೇಕು, ನಿಮ್ಮ ಸ್ಟಾಫ್‌ನಲ್ಲಿ ಅಂಥವರಿದ್ರೆ ನೀವೂ ಹಾಕಿ.