ಗೋಡೆ ಮುಚ್ಚುವ ಮೊದಲೇ ನಲ್ಲಿ ಆರಿಸಿಕೊಳ್ಳಿ

ತಾವೇ ನಿಂತು ಮನೆ ಕಟ್ಟಿಸುವವರು ಸಿಮೆಂಟು, ಕಬ್ಬಿಣ, ಇಟ್ಟಿಗೆಯ ವಿಷಯದಲ್ಲಿ ತುಂಬ ಎಚ್ಚರವಾಗಿರುತ್ತಾರೆ. ನಲ್ಲಿ, ಟೈಲ್ಸ್, ಬಾಗಿಲ ಕೀಲು, ಸ್ವಿಚ್ಚು ಇವನ್ನೆಲ್ಲ ಕೊನೆಗೆ ನೋಡಿಕೊಂಡರಾಯಿತು ಎಂದು ಬಿಟ್ಟಿರುತ್ತಾರೆ. ಆ ಕೊನೆ ಬರುವಷ್ಟರಲ್ಲಿ ಕೈಯಲ್ಲಿ ದುಡ್ಡೂ ಕಡಿಮೆ, ತಾಳ್ಮೆಯೂ ಕಡಿಮೆ. ಅಂಗಡಿಯಲ್ಲಿ ಎದುರಿಗೆ ಕಂಡದ್ದನ್ನು ತಂದು ಹಾಕಿಸಿಬಿಡುತ್ತಾರೆ. ಆದರೆ ಮನೆಗೆ ಹೋದ ಮೇಲೆ ದಿನವೂ ಕೈ ತಾಗುವುದು ಈ ಸಾಮಾನುಗಳಿಗೇ ಅಲ್ವಾ?

ನೆಂಟರಲ್ಲಿ ಯಾರು ಮನೆ ಕಟ್ಟಿಸಿದರೂ ನಾನು ಮೊದಲು ಹೇಳುವುದು ಒಂದೇ ಮಾತು. ಯಾವ ಸಾಮಾನನ್ನೇ ಆರಿಸುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕೆಟ್ಟರೆ ಬದಲಿಸಲು ಏನನ್ನು ಒಡೆಯಬೇಕು? ಗೋಡೆ ಒಡೆಯಬೇಕು ಅಂತಾದರೆ ಅಲ್ಲಿ ಜಿಪುಣತನ ಬೇಡ, ಸಿಗುವುದರಲ್ಲಿ ಒಳ್ಳೆಯದನ್ನೇ ಹಾಕಿಸಿ. ಸ್ಕ್ರೂ ಬಿಚ್ಚಿದರೆ ಸಾಕು ಅಂತಾದರೆ ಸದ್ಯಕ್ಕೆ ಸಾಧಾರಣದ್ದು ಇರಲಿ, ಕೈ ಹಗುರಾದಾಗ ಬದಲಿಸಬಹುದು. ಜನ ಮಾಡುವುದು ಹೆಚ್ಚಾಗಿ ತಿರುಗುಮುರುಗು. ಕಣ್ಣಿಗೆ ಹೊಳೆಯುವ ದೀಪಕ್ಕೆ, ಹಿಡಿಕೆಗೆ ಜಾಸ್ತಿ ಸುರಿಯುತ್ತಾರೆ. ಗೋಡೆಯೊಳಗೆ ಹೋಗುವ ಪೈಪು, ವಾಲ್ವ್, ಶವರಿನ ನೀರು ಬೆರೆಸುವ ಡೈವರ್ಟರಿನಲ್ಲಿ ಉಳಿಸಲು ನೋಡುತ್ತಾರೆ.

ಬಚ್ಚಲುಮನೆಯಿಂದಲೇ ಶುರು ಮಾಡೋಣ. ಬಿಸಿನೀರು, ತಣ್ಣೀರು ಬೆರೆಸಿ ಶವರಿಗೆ ಕಳಿಸುವ ಡೈವರ್ಟರ್ ಈಗ ಹೆಚ್ಚಿನ ಮನೆಗಳಲ್ಲಿ ಗೋಡೆಯೊಳಗೇ ಕೂರುತ್ತದೆ. ಅದರ ಒಡಲಿನ ಮೇಲೆ ಎಷ್ಟು ಆಳದಲ್ಲಿ ಇಡಬೇಕು ಅನ್ನುವ ಗುರುತು ಇರುತ್ತದೆ, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ. ಆ ಆಳವನ್ನು ಅಳೆಯಬೇಕಾದ್ದು ಇಟ್ಟಿಗೆಯಿಂದಲ್ಲ, ಟೈಲ್ಸ್ ಹಾಕಿ ಮುಗಿದ ಮೇಲಿನ ಮುಖದಿಂದ. ಪ್ಲಾಸ್ಟರು 12ರಿಂದ 15 ಮಿಲಿಮೀಟರ್, ಅಂಟು ಸುಮಾರು 5, ಟೈಲ್ಸು 8ರಿಂದ 10. ಎಲ್ಲ ಸೇರಿದರೆ ಒಂದು ಇಂಚು ಗೋಡೆ ಮುಂದೆ ಬರುತ್ತದೆ. ಈ ಲೆಕ್ಕ ತಪ್ಪಿದರೆ ಮೇಲಿನ ಹಿಡಿ ಕೂರುವುದೇ ಇಲ್ಲ, ಇಲ್ಲವೇ ಗೋಡೆಯಿಂದ ವಿಕಾರವಾಗಿ ಹೊರಗೆ ಚಾಚಿರುತ್ತದೆ. ಹಾಗಾಗಿ ಪ್ಲಂಬರ್ ಗೋಡೆ ಕೊರೆಯುವ ಮೊದಲೇ ನಲ್ಲಿ, ಡೈವರ್ಟರ್, ಕಮೋಡ್, ಟೈಲ್ಸ್ ಎಲ್ಲವೂ ಯಾವುದು ಅಂತ ತೀರ್ಮಾನವಾಗಿರಬೇಕು. ಸಾಮಾನನ್ನು ಆಮೇಲೆ ಕೊಂಡರೂ ಅಡ್ಡಿಯಿಲ್ಲ, ಅದರ ಅಳತೆಯ ಹಾಳೆ ಕೆಲಸದವರ ಕೈಯಲ್ಲಿ ಇರಲಿ.

ನಲ್ಲಿ ಆರಿಸುವಾಗ ಕೈಯಲ್ಲಿ ಎತ್ತಿ ನೋಡಿ. ಒಳ್ಳೆಯ ನಲ್ಲಿಯ ಒಡಲು ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪ. ಸತುವಿನ ಮಿಶ್ರಲೋಹದ್ದು ನೋಡಲು ಹಾಗೇ ಇರುತ್ತದೆ, ಆದರೆ ಸಾಮಾನ್ಯವಾಗಿ ಹಗುರ, ನೀರು ತಾಗಿ ತಾಗಿ ಒಳಗಿನಿಂದ ಸವೆಯುತ್ತದೆ. ಬರೀ ತೂಕ ನಂಬಿ ಕೊಳ್ಳಬೇಡಿ, ಒಡಲು ಯಾವುದರದ್ದು ಅಂತ ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲೂ ಬರೆಸಿ. ಆಮೇಲೆ ತಿರುಗಿಸಿ ನೋಡಿ. ಈಗಿನ ನಲ್ಲಿಗಳೊಳಗೆ ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಅದು ಮೆತ್ತಗೆ, ಒಂದೇ ಸಮನೆ ತಿರುಗಬೇಕು. ಎಲ್ಲಿಯೂ ತಡೆಯಬಾರದು, ಲೊಡಲೊಡ ಅನ್ನಬಾರದು. ಆ ಕಾರ್ಟ್ರಿಜ್ ಮುಂದೆಯೂ ಬಿಡಿಯಾಗಿ ಸಿಗುತ್ತದೆಯೇ ಅಂತ ಕೇಳಲು ಮರೆಯಬೇಡಿ. ಇಡೀ ನಲ್ಲಿ ಗಟ್ಟಿಯಾಗಿದ್ದು, ಒಳಗಿನ ಚಿಕ್ಕ ಭಾಗ ಸಿಗದೆ ಎಸೆಯಬೇಕಾದ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನಿಮ್ಮ ನೀರು ಗಡುಸೇ ಅಂತ ಮೊದಲೇ ತಿಳಿದುಕೊಂಡಿರಿ. ಗಡಸು ನೀರಿನಲ್ಲಿ ಕಪ್ಪು ಬಣ್ಣದ ನಲ್ಲಿಗಳು ಬಿಳಿ ಕಲೆ ಹೊತ್ತು ನಿಲ್ಲುತ್ತವೆ, ದಿನಾ ಒರೆಸಬೇಕು. ಶವರಿನ ತೂತುಗಳಿಗೆ ಮೆತ್ತನೆಯ ರಬ್ಬರಿನ ಬಾಯಿ ಇದ್ದರೆ ಬೆರಳಿನಿಂದ ತಿಕ್ಕಿದರೆ ಸಾಕು, ಕಟ್ಟಿದ ಸುಣ್ಣ ಉದುರುತ್ತದೆ.

ದೊಡ್ಡ ತಟ್ಟೆಯಂಥ ಮಳೆ ಶವರ್ ಎಲ್ಲರಿಗೂ ಆಸೆ. ಆಸೆ ತಪ್ಪಲ್ಲ, ಆದರೆ ಮೊದಲು ತೊಟ್ಟಿಯ ಎತ್ತರ ಲೆಕ್ಕ ಹಾಕಿ. ನೀರು 10 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ಬಚ್ಚಲಿನ ಮೇಲ್ಗಡೆಯೇ 3 ಮೀಟರ್ ಎತ್ತರದಲ್ಲಿ ತೊಟ್ಟಿ ಇದ್ದರೆ ಬರುವುದು 0.3 ಬಾರ್ ಅಷ್ಟೇ. ಶವರಿನ ಪೆಟ್ಟಿಗೆಯ ಮೇಲೆ ಕನಿಷ್ಠ ಎಷ್ಟು ಒತ್ತಡ ಬೇಕು ಅಂತ ಬರೆದಿರುತ್ತದೆ. ಎರಡನ್ನೂ ಹೊಂದಿಸಿ ನೋಡಿ. ಸಾಲದಿದ್ದರೆ ಒತ್ತಡದ ಪಂಪು ಬೇಕು, ಇಲ್ಲವೇ ಸಣ್ಣ ಶವರೇ ಸರಿ. ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೆ ಎಷ್ಟು ದೊಡ್ಡ ಶವರ್ ಇದ್ದರೇನು?

ಈ ಮುಂದಿನ ಮಾತನ್ನು ದಯವಿಟ್ಟು ಬಿಡಬೇಡಿ. ಟೈಲ್ಸ್ ಹಚ್ಚುವ ಮೊದಲು ಪೈಪುಗಳ ಬಾಯಿಗೆಲ್ಲ ಮುಚ್ಚಳ ಹಾಕಿಸಿ, ನೀರು ತುಂಬಿಸಿ, ಕೈಪಂಪಿನಿಂದ ಮಾಮೂಲಿ ಒತ್ತಡದ ಒಂದೂವರೆ ಪಟ್ಟು ಕೊಡಿಸಿ. ಮೊದಲು ಪಂಪಿನ ಒತ್ತಡ ತೋರಿಸುವ ಮುಳ್ಳು ಸ್ವಲ್ಪ ಇಳಿಯಬಹುದು, ಪ್ಲಾಸ್ಟಿಕ್ ಪೈಪು ಹಿಗ್ಗುತ್ತದೆ. ಮತ್ತೆ ಒತ್ತಡ ಏರಿಸಿ ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಮುಳ್ಳು ಚೆನ್ನಾಗಿ ಕೆಳಗಿಳಿದಿದ್ದರೆ ಎಲ್ಲೋ ಸೋರುತ್ತಿರಬಹುದು. ಆಗ ಹುಡುಕುವುದು ಸುಲಭ, ಟೈಲ್ಸ್ ಬಿದ್ದ ಮೇಲೆ ಕಣ್ಣೀರು. ಅದೇ ದಿನ ಗೋಡೆಗೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಪೈಪು ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಅಂತ ಅದರಲ್ಲಿ ಕಾಣಬೇಕು. ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗ ಆ ಫೋಟೋದ ಬೆಲೆ ಗೊತ್ತಾಗುತ್ತದೆ. ನಲ್ಲಿ ಕೂರಿಸುವ ಮೊದಲು ಪೈಪುಗಳಲ್ಲಿ ನೀರನ್ನು ರಭಸವಾಗಿ ಹರಿಸಿ ಕಸ ಹೊರಗೆ ಬಿಡಿಸಬೇಕು. ಕಟ್ಟುವಾಗ ಒಳಸೇರಿದ ಒಂದು ಮರಳಿನ ಕಾಳು ಸಾಕು, ಆ ಸೆರಾಮಿಕ್ ಬಿಲ್ಲೆಗಳ ನಡುವೆ ಸಿಕ್ಕಿ ಹೊಸ ನಲ್ಲಿ ತೊಟ್ಟಿಕ್ಕಲು ಶುರುವಾಗುತ್ತದೆ.

ಕಮೋಡಿನಲ್ಲಿ ನೋಡಬೇಕಾದ್ದು ಹೊರಹೋಗುವ ಬಾಯಿ ಎಲ್ಲಿದೆ ಅನ್ನುವುದು. ನೆಲಕ್ಕೆ ಇಳಿಯುವುದೋ, ಗೋಡೆಗೆ ಹೋಗುವುದೋ, ಗೋಡೆಯಿಂದ ಆ ಬಾಯಿಯ ನಡುವಿಗೆ ಎಷ್ಟು ದೂರ? ಈ ಅಳತೆಯೂ ಟೈಲ್ಸ್ ಮುಗಿದ ಗೋಡೆಯಿಂದಲೇ. ಗೋಡೆಗೆ ತೂಗಿಸುವ ಕಮೋಡ್ ಚೆಂದ, ಕೆಳಗೆ ಗುಡಿಸಿ ತೊಳೆಯಲು ಸುಲಭ. ಆದರೆ ಅದರ ನೀರಿನ ತೊಟ್ಟಿ ಗೋಡೆಯೊಳಗೆ. ಒತ್ತುವ ಫಲಕವನ್ನು ಕಳಚಿ ಅಲ್ಲಿಂದಲೇ ಒಳಗಿನ ಎಲ್ಲ ಭಾಗ ತೆಗೆಯಲು ಬರುತ್ತದೆಯೇ ಅಂತ ಅಂಗಡಿಯಲ್ಲೇ ಮಾಡಿಸಿ ನೋಡಿ. ಬರದಿದ್ದರೆ ಅದು ಬೇಡ.

ಬಚ್ಚಲಿನ ನೆಲದ ವಾಟ ಕೂಡ ಆರಿಸುವ ಸಂಗತಿಯೇ, ಯಾಕೆಂದರೆ ಟೈಲ್ಸಿನ ಅಳತೆಗೂ ಅದಕ್ಕೂ ನಂಟಿದೆ. ಒಂದು ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಇಳಿಜಾರು ಇರಬೇಕು, ಸ್ನಾನ ಮಾಡುವ ಜಾಗದಲ್ಲಿ ಒಂದೂವರೆ ಇದ್ದರೆ ಒಳ್ಳೆಯದು. ಎರಡಡಿಯ ದೊಡ್ಡ ಟೈಲನ್ನು ನಾಲ್ಕೂ ಕಡೆಯಿಂದ ಒಂದು ಜಾಲರಿಯ ಕಡೆಗೆ ಇಳಿಸಲಾಗುವುದಿಲ್ಲ, ಕತ್ತರಿಸಲೇಬೇಕು. ಒಂದಡಿಯದು ಅಥವಾ ಅದಕ್ಕಿಂತ ಸಣ್ಣದಾದರೆ ವಾಟ ಸಲೀಸು. ದೊಡ್ಡದೇ ಬೇಕೆಂದರೆ ಗೋಡೆಯುದ್ದಕ್ಕೂ ಉದ್ದನೆಯ ಜಾಲರಿ ಹಾಕಿಸಿ ಒಂದೇ ಕಡೆಗೆ ಇಳಿಸಿ. ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ಸದಾ 50 ಮಿಲಿಮೀಟರಿನಷ್ಟು ನೀರು ನಿಲ್ಲುವಂಥದ್ದಿರಲಿ. ಆ ನೀರೇ ಚರಂಡಿಯ ನಾತವನ್ನು ತಡೆಯುವುದು. ಬಳಸದ ಬಚ್ಚಲು ನಾರುವುದು ಆ ನೀರು ಆವಿಯಾಗಿ ಹೋಗಿ. ಒಂದು ತಂಬಿಗೆ ಸುರಿದರೆ ಸರಿಹೋಗುತ್ತದೆ.

ಟೈಲ್ಸ್ ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗುವ ಮೊದಲು ಪೆಟ್ಟಿಗೆ ಓದಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ. ಗೋಡೆಗೆಂದೇ ಮಾಡಿದ ಸೆರಾಮಿಕ್ ಶೇ 10ಕ್ಕಿಂತಲೂ ಜಾಸ್ತಿ ಹೀರಬಹುದು. ಗೋಡೆಯದ್ದನ್ನು ನೆಲಕ್ಕೆ ಹಾಕಿದರೆ ಒಡೆಯುತ್ತದೆ, ಸವೆಯುತ್ತದೆ. ಜಾರುವುದರ ಬಗ್ಗೆ ಆರ್‌9ರಿಂದ ಆರ್‌13ರವರೆಗೆ ಗುರುತು ಇರುತ್ತದೆ, ಅಂಕಿ ಏರಿದಷ್ಟೂ ಹಿಡಿತ ಜಾಸ್ತಿ. ಅದು ಪಾದರಕ್ಷೆ ಹಾಕಿ ನಡೆಸಿದ ಪರೀಕ್ಷೆ. ಬರಿಗಾಲಿನಲ್ಲಿ ಒದ್ದೆ ನೆಲಕ್ಕೆ ಎ, ಬಿ, ಸಿ ಅನ್ನುವ ಬೇರೆ ಗುರುತಿದೆ, ಸ್ನಾನದ ಜಾಗಕ್ಕೆ ಬಿ ಇರಲಿ. ಯಾವ ಗುರುತೂ ಕಾಣದಿದ್ದರೆ ತುಂಡಿನ ಮೇಲೆ ಸೋಪಿನ ನೀರು ಹಾಕಿ, ಚಪ್ಪಲಿ ಬಿಟ್ಟು ಕಾಲಿಂದ ಉಜ್ಜಿ ನೋಡಿ. ಅಂಗಡಿಯವರು ಏನಂದುಕೊಂಡರೂ ಪರವಾಗಿಲ್ಲ, ಜಾರಿ ಬಿದ್ದರೆ ಮೂಳೆ ನಿಮ್ಮದು.

ಎಲ್ಲ ಪೆಟ್ಟಿಗೆಯ ಮೇಲೂ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇರಬೇಕು. ಒಂದೇ ಹೆಸರಿನ ಟೈಲ್ಸ್ ಬೇರೆ ಬ್ಯಾಚಿನಲ್ಲಿ ಬೇರೆ ಛಾಯೆಗೆ ತಿರುಗಿರುತ್ತದೆ. ಲೆಕ್ಕಕ್ಕಿಂತ ನೂರಕ್ಕೆ ಹತ್ತು ಜಾಸ್ತಿ ತರಿಸಿ. ಉಳಿದದ್ದನ್ನು ವಾಪಸ್ ಕೊಡಬೇಡಿ, ಒಂದು ಪೆಟ್ಟಿಗೆ ಸಜ್ಜದ ಮೇಲಿರಲಿ. ಟೈಲ್ಸ್ ನಡುವೆ ಸಂದೇ ಬೇಡ ಅಂತ ಹಟ ಹಿಡಿಯಬೇಡಿ. 2, 3 ಮಿಲಿಮೀಟರ್ ಸಂದು ಬಿಟ್ಟರೇನೇ ಬಿಸಿಲಿಗೆ ಹಿಗ್ಗಲು ಜಾಗ. ಇಲ್ಲವಾದರೆ ನಡುಮನೆಯ ನೆಲ ಒಂದು ದಿನ ಎದ್ದು ನಿಲ್ಲುತ್ತದೆ. ಬಚ್ಚಲು ಮತ್ತು ಅಡುಗೆಮನೆಯ ಸಂದಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ, ಕಲೆ ಹಿಡಿಯುವುದಿಲ್ಲ. ಕೆಲಸ ಒಣಗಿದ ಮೇಲೆ ಪ್ರತಿ ಟೈಲನ್ನೂ ಮರದ ಹಿಡಿಯಿಂದ ತಟ್ಟಿ ಕೇಳಿ. ಟೊಳ್ಳು ಸದ್ದು ಬಂದಲ್ಲಿ ಕೆಳಗೆ ಅಂಟು ತುಂಬಿಲ್ಲ, ಕೂಲಿ ಲೆಕ್ಕ ತೀರಿಸುವ ಮೊದಲೇ ತೆಗೆಸಿ ಹಾಕಿಸಿ.

ಅಡುಗೆ ಕಟ್ಟೆಗೆ ಅಮೃತಶಿಲೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಸುಣ್ಣದ ಜಾತಿಯ ಕಲ್ಲು, ಹುಳಿ ಬಿದ್ದಲ್ಲೆಲ್ಲ ಹೊಳಪು ಸಾಯುತ್ತದೆ. ಮೇಲೆ ಯಾವ ಲೇಪ ಹಾಕಿದರೂ ಕಲೆ ತಡೆಯಬಹುದೇ ಹೊರತು ಹುಳಿಯ ಕಡಿತವನ್ನಲ್ಲ. ಗ್ರಾನೈಟ್ ತಾಳುತ್ತದೆ. ತುಂಡಿನ ಮೇಲೆ ನೀರು ಹನಿಸಿ ಸ್ವಲ್ಪ ಹೊತ್ತು ಬಿಡಿ. ಬಣ್ಣ ಗಾಢವಾದರೆ ಆ ಕಲ್ಲು ಹೀರುತ್ತದೆ, ಹೀರದಂತೆ ತಡೆಯುವ ಸೀಲರ್ ಬೇಕು. ಕಟ್ಟೆಯ ಅಂಚಿನ ಅಡಿಯಲ್ಲಿ ಒಂದು ಸಣ್ಣ ಗೀರು ತೆಗೆಸಿ, ಚೆಲ್ಲಿದ ನೀರು ಕೆಳಗಿನ ಮರಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಸಿಂಕ್ ಕೊಳ್ಳುವಾಗ ನಿಮ್ಮ ಅತಿ ದೊಡ್ಡ ಪಾತ್ರೆಯ ಅಳತೆ ತೆಗೆದುಕೊಂಡು ಹೋಗಿ.

ಸ್ಟೀಲಿನ ಸಾಮಾನಿಗೆಲ್ಲ ಅಯಸ್ಕಾಂತ ಹಿಡಿದು ನೋಡುವ ರೂಢಿಯಿದೆ. ಅಂಟದಿದ್ದರೆ ಒಳ್ಳೆಯ ಸ್ಟೀಲ್ ಅನ್ನುತ್ತಾರೆ. ಅದು ನಂಬುವಂಥದ್ದಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ 202 ದರ್ಜೆಗೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ಆದರೆ ಒದ್ದೆಯಲ್ಲಿ ಬೇಗ ತುಕ್ಕಿನ ಚುಕ್ಕೆ ಬರುತ್ತದೆ. ನಿಮಗೆ ಬೇಕಾದ್ದು 304. ಅದರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. ಕಡಲ ಗಾಳಿ ಬೀಸುವ ಕಡೆ ಕಿಟಕಿ, ಬಾಗಿಲಿನ ಹೊರಗಿನ ಸಾಮಾನಿಗೆ 316. ದರ್ಜೆಯನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಬಾಗಿಲಿನ ಕೀಲಿನಲ್ಲಿ ಉಳಿಸಬೇಡಿ. ಭಾರದ ಬಾಗಿಲಿಗೆ ಎರಡು ಸಾಲದು, ಮೂರು ಬೇಕು. ತುಂಬ ಎತ್ತರವಾಗಿದ್ದರೆ ನಾಲ್ಕು. ಎಳೆತವೆಲ್ಲ ಮೇಲಿನ ಕೀಲಿಗೇ ಬೀಳುವುದರಿಂದ ಅಲ್ಲಿನ ಸ್ಕ್ರೂ ಉದ್ದವಾಗಿರಲಿ. ಬೀಗ ಕೊಳ್ಳುವ ಮೊದಲು ಬಾಗಿಲು ಎಷ್ಟು ದಪ್ಪ ಅಂತ ಬಡಗಿಯನ್ನು ಕೇಳಿ. ತೆಳು ಬಾಗಿಲಿಗೆ ದಪ್ಪ ಬೀಗ ಕೊರೆದರೆ ಅಲ್ಲೇ ಸೀಳುತ್ತದೆ.

ಗುಂಡು ಹಿಡಿಕೆ ಬೇಡ, ಉದ್ದ ಹಿಡಿಕೆ ಹಾಕಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ನನ್ನ ವಯಸ್ಸಿನವರ ಬೆರಳಿಗೆ ಗುಂಡು ಹಿಡಿದು ತಿರುಗಿಸುವುದು ನೋವಿನ ಕೆಲಸ. ಉದ್ದ ಹಿಡಿಕೆಯಾದರೆ ಕೈ ತುಂಬಿದ್ದರೂ ಮೊಣಕೈಯಿಂದ ಒತ್ತಬಹುದು. ನಲ್ಲಿಗೂ ಇದೇ ಮಾತು. ಬಚ್ಚಲಿನಲ್ಲಿ ಹಿಡಿದು ಏಳುವ ಸರಳು ಈಗಲೇ ಬೇಡ ಅನ್ನಿಸಬಹುದು. ಆಯಿತು, ಆದರೆ ಅದು ಮುಂದೆ ಬರುವ ಜಾಗದಲ್ಲಿ ಗೋಡೆ ಗಟ್ಟಿಯಾಗಿರಲಿ. ಟೊಳ್ಳು ಬ್ಲಾಕಿನ ಗೋಡೆಯಾದರೆ ಅಲ್ಲಿ ಕಾಂಕ್ರೀಟು ತುಂಬಿಸಿ ಗುರುತು ಹಾಕಿಡಿ. ಒಂದು ಬಚ್ಚಲಿನ ಬಾಗಿಲಾದರೂ ಗಾಲಿಕುರ್ಚಿ ಹೋಗುವಷ್ಟು, ಅಂದರೆ 80 ಸೆಂಟಿಮೀಟರ್ ತೆರವು ಇರುವಷ್ಟು ಅಗಲ ಇರಲಿ. ಅದರ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳಕ್ಕೆ ತಳ್ಳಲಾಗುವುದಿಲ್ಲ. ಮನೆಯಲ್ಲಿ ಈಗ ವಯಸ್ಸಾದವರು ಯಾರೂ ಇಲ್ಲ ಅನ್ನಬೇಡಿ. ನೀವೇ ಆ ಮನೆಯಲ್ಲಿ ವಯಸ್ಸಾಗುವವರು.

ಮರದ ಕಪಾಟಿಗೆ ಸಿಂಕಿನ ಕೆಳಗೆ, ಬಚ್ಚಲಿನ ಪಕ್ಕ ಬಿಡಬ್ಲ್ಯುಪಿ ಪ್ಲೈವುಡ್ ಬೇಕು. ಅದರ ಅಂಟು ಕುದಿಯುವ ನೀರನ್ನೂ ತಾಳುತ್ತದೆ. ಮಲಗುವ ಕೋಣೆಗೆ ತೇವವನ್ನಷ್ಟೇ ತಾಳುವ ಸಾಧಾರಣ ಎಂಆರ್ ಪ್ಲೈವುಡ್ ಸಾಕು. ಕೆಳಗಿನ, ಹಿಂದಿನ ಅಂಚುಗಳನ್ನೂ ಪಟ್ಟಿ ಹಚ್ಚಿ ಮುಚ್ಚಿಸಿ. ನೀರು ಒಳಸೇರುವುದು ಕಾಣದ ಆ ಅಂಚಿನಿಂದಲೇ.

ಸ್ವಿಚ್ಚಿನ ಜಾಗ ಗುರುತಿಸುವಾಗ ಖಾಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಮಂಚ, ಕಪಾಟು, ಬಾಗಿಲು ತೆರೆಯುವ ದಿಕ್ಕು ಬರೆದುಕೊಳ್ಳಿ. ಬಾಗಿಲ ಹಿಂದೆ ಸಿಕ್ಕಿಹಾಕಿಕೊಂಡ ಸ್ವಿಚ್ಚಿಗಾಗಿ ದಿನಾ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ. ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಯಾವ ಮನೆಯೂ ಇರಬಾರದು. ಒದ್ದೆ ಕೈಯಲ್ಲಿ ಶಾಕ್ ಹೊಡೆದಾಗ ಕ್ಷಣದಲ್ಲಿ ಕರೆಂಟ್ ಕಡಿದು ಜೀವ ಉಳಿಸುವುದು ಅದೇ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಬಣ್ಣಕ್ಕೆ ಅವಸರ ಮಾಡಬೇಡಿ. ಹೊಸ ಪ್ಲಾಸ್ಟರು ಕನಿಷ್ಠ 28 ದಿನ ಆರಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒಳಗೆ ತೇವ ಉಳಿದರೆ ಉಪ್ಪು ಹೊರಗೆ ಬಂದು ಎಷ್ಟೇ ಒಳ್ಳೆಯ ಬಣ್ಣವಾದರೂ ಹೊಟ್ಟು ಹೊಟ್ಟಾಗಿ ಏಳುತ್ತದೆ. ದೀಪಗಳನ್ನು ಬಣ್ಣಕ್ಕಿಂತ ಮೊದಲೇ ಆರಿಸಿಕೊಳ್ಳಿ. 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಹಿತವಾಗಿ ಕಂಡ ಗೋಡೆ 6500ರ ಬಿಳಿ ಬೆಳಕಿನಲ್ಲಿ ಕಳೆಗುಂದುತ್ತದೆ. ಚಿಕ್ಕ ಕಾರ್ಡು ನೋಡಿ ಬಣ್ಣ ತೀರ್ಮಾನಿಸಬೇಡಿ. ಸಣ್ಣ ಡಬ್ಬಿ ತಂದು, ಕಿಟಕಿ ಇರುವ ಗೋಡೆಗೊಂದು, ಅದರ ಎದುರು ಗೋಡೆಗೊಂದು, ಎರಡಡಿ ಅಗಲಕ್ಕೆ ಎರಡು ಕೋಟ್ ಬಳಿಸಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿ ನೋಡಿ, ಆಮೇಲೆ ಪೂರ್ತಿ ಮನೆಗೆ ಬಣ್ಣ ತರಿಸಿ.