ಪ್ರಮಾಣಪತ್ರವನ್ನು ಎರಡನೆಯ ಭಾನುವಾರಕ್ಕೆ ಮುಂದೂಡಿದ ಅನುಭವ

ಐದು ವರ್ಷಕ್ಕೆ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣ (ಸಿಎಂಇ) ಬೇಕೆಂದು 2002ರ ವೃತ್ತಿ ನಡತೆಯ ನಿಯಮಗಳು ಹೇಳುವುದು ವೈದ್ಯರಾದ ನಮಗೆಲ್ಲ ತಿಳಿದದ್ದೇ. ನಮ್ಮ ಊರಿನ ಸಿಎಂಇಗಳಲ್ಲಿ ಬೆಳಿಗ್ಗೆ ಸಹಿ ಹಾಕಿ, ಊಟ ಮುಗಿಸಿ, ಆ ಗಂಟೆಗಳ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಪತ್ರ ಹಿಡಿದು ಹೊರಡುವವರೇ ಅರ್ಧಕ್ಕಿಂತ ಹೆಚ್ಚಿದ್ದರು.

ನಮ್ಮ ವೈದ್ಯರ ಸಂಘದ ಶಾಖೆಯ ಸಿಎಂಇ ಹೊಣೆ ಹೊತ್ತ ಮೊದಲ ವರ್ಷ ದಿನದ ಕೊನೆಗೆ ಒಂದು ಪರೀಕ್ಷೆ ಇಟ್ಟೆ. ಸುಮಾರು ನೂರು ಜನ ಬರೆದರು, ಪಕ್ಕದವರನ್ನು ನೋಡಿ ಬರೆದದ್ದರಿಂದ ಬಹುತೇಕ ಎಲ್ಲರಿಗೂ ಹತ್ತಕ್ಕೆ ಒಂಬತ್ತು ಬಂದಿತು. ಮರುವರ್ಷ ಬಾಗಿಲಲ್ಲಿ ಹಾಜರಾತಿ ಬಿಗಿ ಮಾಡಿದಾಗ ಜನ ಕಡಿಮೆಯಾದರು, ಪ್ರಾಯೋಜಕ ಕಂಪನಿ ಹಿಂದೆ ಸರಿಯಿತು, ಸಭಾಂಗಣ ಮತ್ತು ಊಟದ ಲೆಕ್ಕದಲ್ಲಿ ಹದಿನೆಂಟು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು.

ಆಮೇಲೆ ಹಾವು ಕಡಿತದ ವಿಷಯವನ್ನು ಎತ್ತಿಕೊಂಡು, ಆರು ವಾರಗಳ ಅಂತರದ ಎರಡು ಭಾನುವಾರಗಳನ್ನು ಒಂದೇ ಕಾರ್ಯಕ್ರಮವೆಂದು ವೈದ್ಯಕೀಯ ಪರಿಷತ್ತಿಗೆ ಸಲ್ಲಿಸುವ ಅರ್ಜಿಯಲ್ಲಿಯೇ ಸ್ಪಷ್ಟವಾಗಿ ಬರೆದು ಮಾನ್ಯತೆ ಪಡೆದೆವು. ಪ್ರಮಾಣಪತ್ರ ಸಿಗುವುದು ಎರಡನೆಯ ದಿನ, ಅದೂ ತಮ್ಮದೇ ಇಬ್ಬರು ಹಾವು ಕಡಿತದ ರೋಗಿಗಳ ದಾಖಲೆಯನ್ನು ಹೆಸರು ಮುಚ್ಚಿ ತಂದವರಿಗೆ ಮಾತ್ರ. ಅಂಥ ರೋಗಿಗಳಿಲ್ಲದವರು ತಮ್ಮ ಕ್ಲಿನಿಕ್ಕಿನಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬಳಸುವ ನಳಿಕೆಯನ್ನೇ ತರಬೇಕಿತ್ತು. ಹಾವು ಕಡಿದವರ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುವ ಪರೀಕ್ಷೆಯಿದು; ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೇರಿದೆ ಎಂದು ಭಾವಿಸಿ ಪ್ರತಿವಿಷ ಕೊಡುತ್ತೇವೆ. "ಎರಡು ಸಲ ಯಾರು ಬರ್ತಾರೆ ಡಾಕ್ಟ್ರೇ, ನಿಮಗೆ ಹುಚ್ಚು" ಎಂದು ಹಿರಿಯರೊಬ್ಬರು ಸಭೆಯಲ್ಲಿಯೇ ಹೇಳಿದರು.

ಅರವತ್ತೆರಡು ಜನ ನೋಂದಾಯಿಸಿದ್ದರು, ಐವತ್ತೈದು ಜನ ಮರಳಿ ಬಂದರು. ಮೊದಲ ದಿನ ವಿಚಾರಿಸಿದಾಗ ಸುಮಾರು ನಲವತ್ತು ಜನ ಪ್ಲಾಸ್ಟಿಕ್ ನಳಿಕೆ ಅಥವಾ ಸಾಬೂನಿನಲ್ಲಿ ತೊಳೆದ ಗಾಜಿನ ನಳಿಕೆ ಬಳಸುತ್ತಿದ್ದರು. ಅಂಥ ನಳಿಕೆಯಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ನಿಲ್ಲಬಹುದು, ಬೇಡದ ಪ್ರತಿವಿಷ ರೋಗಿಯ ಮೈಗೆ ಏರಬಹುದು. ಎರಡನೆಯ ದಿನ ಹಾಗೆ ಮಾಡುತ್ತಿದ್ದವರು ಏಳೆಂಟು ಜನ ಮಾತ್ರ. ಪರೀಕ್ಷೆಯ ಅಂಕಗಳಲ್ಲಿ ನಾನೆಂದೂ ಕಾಣದ ಬದಲಾವಣೆ ಇದು, ಇದರ ಬಗ್ಗೆ ನನಗೆ ಹೆಮ್ಮೆಯಿದೆ.

ನಡುವೆ ಮೊಬೈಲಿನಲ್ಲಿ ದಿನಕ್ಕೊಂದು ಪ್ರಶ್ನೆ ಕಳಿಸುವ ಪ್ರಯೋಗವನ್ನೂ ಮಾಡಿದೆ. ಹತ್ತನೆಯ ದಿನಕ್ಕೆ ಉತ್ತರಿಸುವವರು ಒಂಬತ್ತೇ ಜನ ಉಳಿದರು. ಅದಕ್ಕೆ ಕ್ರೆಡಿಟ್ ಇರಲಿಲ್ಲ, ಇದ್ದಿದ್ದರೆ ಗೂಗಲ್ ನೋಡಿ ಉತ್ತರಿಸುತ್ತಿದ್ದರು ಎಂದೇ ನನ್ನ ಅನಿಸಿಕೆ. ಕ್ರೆಡಿಟ್ಟನ್ನು ಕಟ್ಟಬೇಕಾದದ್ದು ವೈದ್ಯರ ನಿತ್ಯದ ಕೆಲಸಕ್ಕೆ.

ಖರ್ಚನ್ನು ತಲಾ ಆರುನೂರು ರೂಪಾಯಿ ಶುಲ್ಕದಿಂದಲೇ ನಿಭಾಯಿಸಿದೆವು, ಕಂಪನಿಗಳ ಹಣ ಮುಟ್ಟಲಿಲ್ಲ, ನಾಲ್ಕು ಸಾವಿರದಷ್ಟು ಉಳಿಯಿತು. ತಂದ ದಾಖಲೆ ನಿಜವೋ ಅಲ್ಲವೋ ಎಂದು ಪತ್ತೆಹಚ್ಚುವ ನನ್ನ ವಿಧಾನವನ್ನು ಇಲ್ಲಿ ಬರೆಯಲಾರೆ, ಬರೆದರೆ ಅದು ಕೆಲಸ ಮಾಡುವುದಿಲ್ಲ. ಕಾರ್ಯಕ್ರಮ ನಡೆಸುವವರು ಭೇಟಿಯಾದಾಗ ಕೇಳಿದರೆ ಹೇಳುತ್ತೇನೆ. ಮುಂದಿನ ವಿಷಯ ಕೀಟನಾಶಕ ಸೇವನೆ; ಎಪ್ಪತ್ತು ಸ್ಥಾನಗಳಿಗೆ ಆಗಲೇ ಎಂಬತ್ತಕ್ಕೂ ಹೆಚ್ಚು ಹೆಸರು ಬಂದಿವೆ, ಆ ಹಿರಿಯರ ಹೆಸರೂ ಅದರಲ್ಲಿದೆ.